ಗಾಜಿನೊಳಗಿನ ಇಸ್ತ್ರಿಪೆಟ್ಟಿಗೆ

ಅಪ್ಪಾ,

ನಾನು ಕ್ಷೇಮ, ಆದರೆ ಸಿಟ್ಟಿಗೆ ಮೈಯೆಲ್ಲ ಉರಿಯುತ್ತಿದೆ. ತರಬೇತಿಗೆ ರಜೆಯೆಂದು ಈ ಊರಿನ ಪುಟ್ಟ ಮ್ಯೂಸಿಯಂ ನೋಡಲು ಹೋಗಿದ್ದೆ. ಗಾಜಿನೊಳಗೆ ಏನಿಟ್ಟಿದ್ದಾರೆ ಗೊತ್ತೇ? ನಿನ್ನದರಂಥದೇ ಇದ್ದಿಲಿನ ಇಸ್ತ್ರಿಪೆಟ್ಟಿಗೆ. ಒಳಗೆ ಕೆಂಡದ ಬದಲು ಕೆಂಪು ಬಲ್ಬು. ಕೆಳಗೆ, ‘ನಮ್ಮ ಊರಿನ ಅಳಿದುಹೋದ ಕಸುಬು’ ಎಂಬ ಚೀಟಿ.

ಅಲ್ಲಿನ ಕಾವಲುಗಾರನ ಪ್ಯಾಂಟಿನ ಗೆರೆ ನೀನು ಹಾಕಿದಷ್ಟೇ ನೆಟ್ಟಗಿತ್ತು. “ಅಣ್ಣಾ, ಬಟ್ಟೆ ಎಲ್ಲಿ ಇಸ್ತ್ರಿ ಮಾಡಿಸ್ತೀರಿ?” ಎಂದೆ.

“ಹಿಂದಿನ ಬೀದೀಲಿ ಒಬ್ರು ಅಜ್ಜ ಇದಾರೆ, ಇಂಥದೇ ಪೆಟ್ಟಿಗೇಲಿ ಮಾಡ್ಕೊಡ್ತಾರೆ. ಇಲ್ಲಿನ ಸಾಹೇಬ್ರ ಬಟ್ಟೇನೂ ಅಲ್ಲಿಗೇ ಹೋಗೋದು.”

“ಮತ್ತೆ ಅಳಿದುಹೋದೋರು ಯಾರು?”

“ಅದೆಲ್ಲ ನಂಗೊತ್ತಿಲ್ಲಮ್ಮ, ಗಾಜು ಮುಟ್ಬೇಡಿ.”

ಬದುಕಿರುವವರ ಫೋಟೋಗೆ ಹಾರ ಹಾಕಿ, ಅದನ್ನು ನೋಡಲು ಟಿಕೆಟ್ ಬೇರೆ ಇಟ್ಟಂತಾಯಿತು.

ನಿನ್ನ ಅಂಗೈಯ ಬೊಬ್ಬೆ ಒಣಗುವವರೆಗೆ ಮುಲಾಮು ಬಿಡಬೇಡ, ಸೋಮಾರಿತನ ಮಾಡಿದರೆ ಕೀವು ತುಂಬುತ್ತದೆ. ಈ ಕಾರ್ಡನ್ನು ಆ ಅಜ್ಜನ ಇಸ್ತ್ರಿಮೇಜಿನ ಮೇಲೇ ಬರೆಯುತ್ತಿದ್ದೇನೆ. ಸಾಹೇಬರ ಅಂಗಿ ಹಿಡಿದುಕೊಂಡು ಅಜ್ಜ ಕಾಯುತ್ತಿದ್ದಾರೆ, ಏಳಬೇಕು. ಮೇಜು ಇನ್ನೂ ಬಿಸಿಯಾಗಿದೆ.

ನಿನ್ನ ಪುಟ್ಟಿ