ಚಳಿಗೆ ಸಾಯದ ನೊಣ, ಬೀಗ ಹಾಕಿದ ಸೀಬೆ ತೋಟ

ನಮ್ಮ ಬೀದಿಯ ಸರ್ಕಾರಿ ಸೀಬೆ ತೋಟದ ಬೀಗದ ಕೈ ಇಟ್ಟುಕೊಂಡಿರುವ ಮಾನ್ಯ ಅಧಿಕಾರಿಗಳೇ,

ನಿಮ್ಮ ತೋಟದಲ್ಲಿ ಉದುರಿ ಕೊಳೆಯುತ್ತಿರುವ ಹಣ್ಣಿನಿಂದಾಗಿ, ಪಕ್ಕದ ನನ್ನ ಹಿತ್ತಲಿನ ಹದಿನಾಲ್ಕು ಸೀಬೆ ಮರಗಳು ಬರುವ ಸೋಮವಾರ ಕೊಡಲಿಗೆ ಬೀಳಲಿವೆ. ಆ ಕೊಳೆತ ಹಣ್ಣಿನ ಬಗ್ಗೆ ಮೂರು ಅರ್ಜಿಗಳಲ್ಲಿ ವಿನಯದಿಂದ ಬರೆದು ಸಾಕಾಗಿದೆ. ಈಗ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ಹಣ್ಣು ನೊಣ ಬಲಿತ ಕಾಯಿಯ ಸಿಪ್ಪೆ ಚುಚ್ಚಿ ಮೊಟ್ಟೆಯಿಡುತ್ತದೆ. ಹುಳ ಒಳಗೇ ತಿಂದು ಕೊಬ್ಬಿ, ಹಣ್ಣು ಉದುರಿದ ಮೇಲೆ ಮಣ್ಣಿಗಿಳಿದು ಕೋಶವಾಗಿ ಮಲಗುತ್ತದೆ. ಚಳಿ ಹೆಚ್ಚಾದರೆ ನಾಲ್ಕು ದಿನ ಜಾಸ್ತಿ ಮಲಗುತ್ತದೆ, ಅಷ್ಟೇ. ಜನವರಿಯಲ್ಲಿ ನಾವೂ ಅದನ್ನೇ ಮಾಡುತ್ತೇವೆ. ರೆಕ್ಕೆ ಬಂದದ್ದು ಎಲೆಯ ಮರೆಯಲ್ಲಿ ಕೂತಿದ್ದು, ಬಿಸಿಲೇರಿದ ಮೇಲೆ ಕೆಲಸಕ್ಕೆ ಹೊರಡುತ್ತದೆ. ಅಷ್ಟಕ್ಕೂ ನಮ್ಮೂರು ಕೋಗಿಲಿನ ಚಳಿ ಯಾವ ಮಹಾ ಚಳಿ? ಒಂದು ಮಫ್ಲರ್ ಕಂಡರೆ ಓಡಿಹೋಗುವ ಚಳಿ. ನೊಣಕ್ಕೆ ಬೇಕಾದದ್ದು ಊಟ ಮತ್ತು ಹಾಸಿಗೆ. ಎರಡನ್ನೂ ತಾವು ಕಾಂಪೌಂಡು ಕಟ್ಟಿ, ವಾಚ್‌ಮನ್ ಇಟ್ಟು ಒದಗಿಸಿದ್ದೀರಿ. ಮನುಷ್ಯರಿಗೆ ಮನೆ ಮಂಜೂರು ಮಾಡುವಾಗ ಈ ಮುತುವರ್ಜಿ ಎಲ್ಲಿ ಹೋಗಿರುತ್ತದೆ?

ಉದುರಿದ ಹಣ್ಣನ್ನು ನಾವೇ ಹೆಕ್ಕಿ, ಎರಡಡಿ ಗುಂಡಿ ತೋಡಿ ಹೂಳುತ್ತೇವೆ ಎಂದು ನವೆಂಬರಿನಲ್ಲೇ ಕೇಳಲು ಬಂದಿದ್ದೆ. ನಿಮ್ಮ ಗುಮಾಸ್ತ ಹೇಮಂತ ಅವರು ಫೈಲಿನಿಂದ ತಲೆ ಎತ್ತದೆ ಹೇಳಿದರು: "ಸರ್ಕಾರದ ಹಣ್ಣು ಮೇಡಂ, ಕೊಳೆತ್ರೂ ಸರ್ಕಾರದ್ದೇ. ಹರಾಜ್ ಆಗೋವರ್ಗೂ ಯಾರೂ ಮುಟ್ಟಂಗಿಲ್ಲ." ಹರಾಜು ಯಾವಾಗ ಎಂದರೆ ಮಾರ್ಚ್ ಆಗಬಹುದಂತೆ. ಮಾರ್ಚಿನಲ್ಲಿ ಹರಾಜು ಕೂಗಲು ಅಲ್ಲಿ ಉಳಿದಿರುವುದು ಏನು? ಬೀಜ, ತೊಟ್ಟು, ಮತ್ತು ನೊಣ.

ಮಾತಿನಲ್ಲಿ ಹೇಳಿದರೆ ನಂಬುವುದಿಲ್ಲ ಎಂದು ಸಾಕ್ಷಿ ತಂದೆ. ಕಾಂಪೌಂಡು ದಾಟಿ ನಮ್ಮ ಕಡೆ ಬಿದ್ದಿದ್ದ ಆರು ಹಣ್ಣನ್ನು ಮಣ್ಣು ಹಾಕಿದ ಉಪ್ಪಿನಕಾಯಿ ಜಾಡಿಯಲ್ಲಿಟ್ಟು, ಹಳೇ ದುಪಟ್ಟಾ ಬಿಗಿದು, ಡಿಸೆಂಬರಿನಲ್ಲಿ ಮೂರನೇ ಅರ್ಜಿಯ ಜೊತೆ ಕೊಟ್ಟೆ. ಕಚೇರಿಯ ಶಿಸ್ತಿಗೆ ಶರಣು: ಜಾಡಿಗೂ ಸೀಲು ಒತ್ತಿ, ನಂಬರು ಬರೆದು, ಬೀರುವಿನ ಮೇಲಿಟ್ಟರು. ಆ ಡಿಸೆಂಬರಿನ ಚಳಿಯಲ್ಲೇ ನೊಣಗಳು ಹುಟ್ಟಿ, ಹಳೇ ಬಟ್ಟೆಯ ತೂತಿನಿಂದ ಹೊರಬಿದ್ದವು. ಜನವರಿಯಲ್ಲಿ ತಮ್ಮ ಸಹಿಯ ಉತ್ತರ ಬಂತು. ಮೊದಲ ಸಾಲು: ಚಳಿಗಾಲದಲ್ಲಿ ಹಣ್ಣು ನೊಣಗಳು ತಾವಾಗಿ ನಾಶವಾಗುವುದರಿಂದ ಕ್ರಮದ ಅಗತ್ಯವಿಲ್ಲ. ಎರಡನೆಯ ಸಾಲು: ತಾವು ಸಲ್ಲಿಸಿದ ಜಾಡಿಯಿಂದ ಜೀವಂತ ನೊಣಗಳು ಹೊರಬಂದು ಸಿಬ್ಬಂದಿಗೆ ತೊಂದರೆಯಾಗುತ್ತಿದ್ದು, ಕೂಡಲೇ ವಾಪಸ್ ಒಯ್ಯತಕ್ಕದ್ದು. ಸಹಿ ಮಾಡುವ ಮುನ್ನ ಎರಡೂ ಸಾಲನ್ನು ಒಟ್ಟಿಗೆ ಓದುವ ಪದ್ಧತಿ ತಮ್ಮಲ್ಲಿ ಇಲ್ಲವೇ?

ಇಷ್ಟರಲ್ಲಿ ಇಲ್ಲಿ ನಡೆದದ್ದು ನಗುವ ವಿಷಯವಲ್ಲ. ನನ್ನ ಅತ್ತೆ ನೆಟ್ಟ ಆ ಮರಗಳ ಹಣ್ಣನ್ನು ಹನ್ನೊಂದು ವರ್ಷದಿಂದ ಮುನಿನಾರಾಯಣಮ್ಮ ಶಾಲೆಯ ಗೇಟಿನ ಮುಂದೆ ಉಪ್ಪು ಖಾರ ಹಚ್ಚಿ ಮಾರುತ್ತಾರೆ. ರಂಜಾನಿನಲ್ಲಿ ಉಪವಾಸ ಬಿಡುವ ತಟ್ಟೆಗೆ ಬೀದಿಯ ಅರ್ಧ ಮನೆಗಳಿಗೆ ಹೋಗುವುದೂ ಅದೇ ಹಣ್ಣು. ಕಳೆದ ವಾರ ಒಂದು ಮಗು ಕಚ್ಚಿದ ಹೋಳಿನಲ್ಲಿ ಹುಳ ಮಿಸುಕಾಡಿತು. ಮುನಿನಾರಾಯಣಮ್ಮ ಬುಟ್ಟಿಯನ್ನು ಹಾಗೇ ಹೊತ್ತು ತಂದು ನನ್ನ ಬಾಗಿಲಲ್ಲಿ ಇಳಿಸಿದರು. "ಇನ್ಮೇಲ್ ಬ್ಯಾಡ ಕಣಮ್ಮ. ಮಕ್ಳು ಬಾಯಿಗೆ ಉಳ ಹಾಕಾಕೆ ನನ್ ಕೈಲಾಗಲ್ಲ" ಎಂದರು. ನನಗೆ ನಾಚಿಕೆಯಾಯಿತು, ಅವರು ಹೋದ ಮೇಲೆ ಅಳುವೂ ಬಂತು. ತಿನ್ನಲಾಗದ ಹಣ್ಣಿನ ಮರ ಯಾಕೆ ಎಂದು ನನ್ನ ಗಂಡ ಗಯಾಸ್ ಅಂದೇ ಮರ ಕಡಿಯುವವರಿಗೆ ಹೇಳಿಬಿಟ್ಟರು. ನಾನು ತಮ್ಮ ಎರಡು ಸಾಲಿನ ಕಾಗದವನ್ನು ಅವರ ಕೈಗಿಟ್ಟೆ.

ಹಾಗಾಗಿ ಕೇಳುವುದು ಇಷ್ಟೇ. ಈ ಭಾನುವಾರ ಒಂದೇ ಒಂದು ದಿನ ತೋಟದ ಬೀಗ ತೆಗೆಯಿರಿ. ಗೋಣಿಚೀಲ, ಸನಿಕೆ ನಮ್ಮವು. ಗುಂಡಿಯೂ ನಮ್ಮ ಹಿತ್ತಲಿನದೇ. ಬೇಕಾದರೆ ಹೂಳುವ ಹಣ್ಣನ್ನು ಎಣಿಸಿ ರಸೀದಿ ಬರೆಸಿಕೊಳ್ಳಿ. ಅದೂ ಆಗದಿದ್ದರೆ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ನಮ್ಮ ಮನೆಗೆ ಬನ್ನಿ. ಮೊದಲ ಮರ ಬೀಳುವಾಗ ಮುನಿನಾರಾಯಣಮ್ಮನ ಪಕ್ಕ ನಿಂತು, ಚಳಿಗೆ ನೊಣ ತಾನಾಗಿ ಸಾಯುತ್ತದೆ ಎಂದು ಅವರಿಗೆ ನೀವೇ ಹೇಳಿ.

ಇಂತಿ,
ಸೋಮವಾರದವರೆಗೆ ಹದಿನಾಲ್ಕು ಮರಗಳ ಒಡತಿ,
ಫಾಯಿಜಾ
ಕೋಗಿಲು