ಹೊಸಬರು ಇಳಿಯುವ ಜಾಗ

ಮಾರ್ಚ್ 3, ಸೋಮವಾರ. ಬೆಳಿಗ್ಗೆ

ಎಲ್ಲರಿಗಿಂತ ಮೊದಲು ಬಂದೆ. ಬೀಗ, ಕಿಟಕಿ, ಸರ್ವರ್. ಇದೇ ಕ್ರಮ. ಸಿಂಕಿನಲ್ಲಿ ಶನಿವಾರದ ಕಾಫಿ ಲೋಟಗಳು. ಒಂದರ ತಳದಲ್ಲಿ ಹಸಿರು ಬೂಷ್ಟು. ಅಣ್ಣನದು. ತೊಳೆಯಲಿಲ್ಲ. ಹಾಗೇ ಅವನ ಮೇಜಿನ ಮೇಲೆ ಇಟ್ಟೆ.

ನಮ್ಮ ಕಂಪ್ಯೂಟರ್ ಆಟದ ಹಳಬರಲ್ಲಿ ಹತ್ತಿಪ್ಪತ್ತು ಮಂದಿ ಆಗಲೇ ಒಳಗಿದ್ದರು. ಇವರಿಗೆ ಮನೆ ಮಠ ಇಲ್ಲವೇ ಎಂದು ಕೇಳುವುದನ್ನು ಬಿಟ್ಟು ಬಹಳ ಕಾಲವಾಯಿತು. ಇದೆ. ಒಳಗೆ.

ಅಮ್ಮನ ಫೋನ್. ಮಂಡಿ ನೋವು, ಡಾಕ್ಟರು, ಪಕ್ಕದ ಮನೆಯ ನಾಯಿ. ಆಮೇಲೆ ಅಸಲು ವಿಷಯ.

“ನಿಮ್ಮಣ್ಣ ಯಾವಾಗ ಕರೆದ್ರೂ ‘ಸಭೆ ಇದೆ’ ಅಂತಾನಲ್ಲೇ. ಆ ಆಟ ಇನ್ನೂ ಮುಗಿದಿಲ್ವಾ?”

“ಇಲ್ಲಮ್ಮ.”

“ಯಾಕಂತೆ?”

ಅವಳಿಗೆ ಹೇಗೆ ಹೇಳುವುದು. ಎಲ್ಲೆಲ್ಲಿಂದಲೋ ಜನ ತಮ್ಮ ತಮ್ಮ ಕಂಪ್ಯೂಟರಿನಲ್ಲಿ ಕೂತು ಒಂದೇ ದ್ವೀಪಕ್ಕೆ ಬರುತ್ತಾರೆ, ತೀರದಲ್ಲಿ ಇಳಿಯುತ್ತಾರೆ, ಒಳನಾಡಿಗೆ ಹೋಗಿ ಮನೆ ಕಟ್ಟುತ್ತಾರೆ. ಅದಾಗಬೇಕಿತ್ತು. ಪರೀಕ್ಷೆಗೆಂದು ಮುನ್ನೂರು ಜನರನ್ನು ಮೊದಲೇ ಬಿಟ್ಟುಕೊಂಡೆವು. ಅಣ್ಣ ಹುಮ್ಮಸ್ಸಿನಲ್ಲಿ ಅವರಿಗೆ ಮಾತು ಕೊಟ್ಟ: ಎಲ್ಲಿ ಬೇಕಾದರೂ ಕಟ್ಟಿ, ಕಟ್ಟಿದ್ದು ಎಂದೆಂದಿಗೂ ನಿಮ್ಮದೇ.

“ಬಸ್‌ಸ್ಟ್ಯಾಂಡಿನಲ್ಲೇ ಮನೆ ಕಟ್ಕೊಂಡಿದ್ದಾರಮ್ಮ.”

“ಮತ್ತೆ ಬಸ್ಸು ಎಲ್ಲಿ ನಿಲ್ಲುತ್ತೆ?”

“ಅದೇ ನೋಡು. ಹೊಸಬರು ಬಂದರೆ ಯಾರದೋ ಗೋಡೆಯೊಳಗೆ ಸಿಕ್ಕಿಹಾಕಿಕೊಳ್ತಾರೆ.”

“ಅಯ್ಯೋ, ಒಡೆಸಿ ಹಾಕಿ. ಅದಕ್ಕೇನು?”

“ಮೊದಲನೇ ಮನೆ ನಿನ್ನ ಮಗನದು.”

ಅಮ್ಮ ಪಕ್ಕದ ಮನೆಯ ನಾಯಿಯನ್ನು ಗದರಿದಳು. ಆಮೇಲೆ, “ಎಷ್ಟು ದೊಡ್ಡದು?”

ದನಿಯಲ್ಲಿ ಹೆಮ್ಮೆ ಇತ್ತು. ಫೋನ್ ಇಟ್ಟೆ.

ಮಾರ್ಚ್ 5, ಬುಧವಾರ

ಮೀಟಿಂಗ್. ಹೇಳಿದ್ದನ್ನೇ ಮತ್ತೆ ಹೇಳಿದೆ. ಹೊಸ ಸರ್ವರ್ ಸಿದ್ಧ. ಖಾಲಿ ತೀರವಿರುವ ಹೊಸ ದ್ವೀಪ ಸಿದ್ಧ. ಅದರ ಮೇಲೆ ಚಿತ್ರಗಾರ್ತಿ ಕಟ್ಟಿದ ಪಟ್ಟಣ ಸಿದ್ಧ. ಹಳೆಯದನ್ನು ಪೂರ್ತಿ ಅಳಿಸಿದರೆ ಮಾತ್ರ ಹೊಸದು ಕೂರುತ್ತದೆ. ವೈಪ್. ಸ್ಲೇಟು ಒರೆಸಿದ ಹಾಗೆ. ಒರೆಸಿದರೆ ತಿಂಗಳೊಳಗೆ ಆಟ ಎಲ್ಲರಿಗೂ ತೆರೆಯಬಹುದು. ಇಲ್ಲವಾದರೆ ಎಂದಿಗೂ ಇಲ್ಲ.

“ಪುಟ್ಟಿ, ಆ ಜನ ನಮ್ಮನ್ನ ನಂಬಿದ್ದಾರೆ,” ಅಂದ ಅಣ್ಣ. ಐವತ್ತರ ಹತ್ತಿರ ಬಂದರೂ ನಾನು ಪುಟ್ಟಿ.

“ಮುನ್ನೂರು ಜನ. ಬರಬೇಕಾದವರು?”

“ಬಂದ ಮೇಲೆ ಅವರ ಮಾತು.”

“ಬರೋಕೆ ಜಾಗ ಎಲ್ಲಿದೆ ಅಣ್ಣಾ?”

ಸೌಂಡಿನವನು ಕುರ್ಚಿಯಲ್ಲಿ ಹೊಟ್ಟೆ ಕುಲುಕಿಸಿ ನಕ್ಕ. “ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ್ದು ಕೇಳಿದ್ದೆ. ಕುಲಾವಿ ಚೆನ್ನಾಗಿದೆ ಅಂತ ಕೂಸೇ ಬೇಡ ಅಂದಿದ್ದು ಇದೇ ಮೊದಲು.”

ಒಳ್ಳೆಯ ಮಾತು. ಆದರೆ ಮತಕ್ಕೆ ಹಾಕಿದಾಗ ಅವನೂ, ಹಾಯಿಯ ಸದ್ದು ಇನ್ನೂ ಸರಿಯಾಗಿಲ್ಲ, ಈಗಲೇ ವೈಪ್ ಬೇಡ ಅಂದ. ಒಳಗೆ ಅವನದೊಂದು ದೋಣಿ ಇದೆ. ಮೂರು ಹಾಯಿ.

ಕೊನೆಗೆ ಈ ವಾರದ ಕೆಲಸ ಗೊತ್ತಾಯಿತು: ಆಟದೊಳಗೆ ತೀರದಲ್ಲಿ ಅಣ್ಣ ಕಟ್ಟಿಕೊಂಡ ಸಭಾಂಗಣದಲ್ಲಿರುವ ಸಿಂಹಾಸನಕ್ಕೆ ಕೈ ಊರುವ ತೋಳು. ಹಳಬರು ಕೇಳಿದ್ದಾರಂತೆ. ಅವರು ಅವನನ್ನು ದೊರೆ ಎನ್ನುತ್ತಾರೆ. ದೊರೆಗೆ ಮೊಣಕೈ ಜೋತಾಡುತ್ತದಂತೆ.

ಮಾರ್ಚ್ 6

ಮೆಟ್ಟಿಲ ಮೇಲೆ ಚಿತ್ರಗಾರ್ತಿ ಸಿಕ್ಕಳು. ಕೂತಿದ್ದಳು. ಪಕ್ಕದಲ್ಲಿ ಕೂತೆ.

“ಅಕ್ಕ, ಬೇರೆ ಕಡೆ ಕರೀತಿದ್ದಾರೆ. ಏಪ್ರಿಲ್ ಕೊನೆಯೊಳಗೆ ಹೇಳಬೇಕು.”

“ಹೋಗ್ತೀಯಾ?”

“ಹೋಗೋಕೆ ಇಷ್ಟ ಇಲ್ಲ. ಆದರೆ ನಿನ್ನೆಯಿಂದ ಸಿಂಹಾಸನದ ತೋಳು ಬರೆದು ಬರೆದು ನನ್ನ ತೋಳು ಬಿದ್ದುಹೋಯ್ತು. ಆ ಪಟ್ಟಣಕ್ಕೆ ಒಬ್ಬರಾದರೂ ಕಾಲಿಡಲಿ ಅಕ್ಕ. ಒಬ್ಬರು. ಆಮೇಲೆ ಚೆನ್ನಾಗಿಲ್ಲ ಅಂದರೂ ಪರವಾಗಿಲ್ಲ.”

ಮೂರು ವರ್ಷ ಬರೆದಿದ್ದಾಳೆ. ಇಳಿಜಾರು ಬೀದಿ, ಸವೆದ ಮೆಟ್ಟಿಲು, ಹಗ್ಗಕ್ಕೆ ಒಣಹಾಕಿದ ಬಟ್ಟೆ. ಯಾವ ಬಟ್ಟೆಯೂ ಇನ್ನೊಂದರಂತಿಲ್ಲ. ಒಂದು ಅಂಗಿಗೆ ತೇಪೆ ಇದೆ. ಯಾರ ಅಂಗಿ ಎಂದು ಕೇಳಿದರೆ ಹೇಳುತ್ತಾಳೆ. ನನ್ನ ಸರ್ವರ್ ಅವಳ ಪಟ್ಟಣವನ್ನು ಹೊರಲೆಂದೇ ಬರೆದದ್ದು, ಅದನ್ನು ಅವಳಿಗೆ ಹೇಳಿಲ್ಲ.

ನಾಯಿ ಹಸಿದಿತ್ತು, ಅನ್ನ ಹಳಸಿತ್ತು ಅನ್ನುತ್ತಾರೆ. ಇಲ್ಲಿ ಅನ್ನ ಬಿಸಿಯಾಗಿದೆ. ಉಣ್ಣುವವರು ಹೊರಗೆ ಕಾದಿದ್ದಾರೆ. ಬಾಗಿಲಲ್ಲಿ ಒಬ್ಬ ಕಾಲು ಚಾಚಿ ಮಲಗಿದ್ದಾನೆ. ಅವನು ನನ್ನ ಅಣ್ಣ.

ಮಾರ್ಚ್ 14, ಶುಕ್ರವಾರ. ಸಂಜೆ

ಹೊರಗಿನ ಐವತ್ತು ಜನರನ್ನು ಇವತ್ತು ಆಟದೊಳಗೆ ಬಿಟ್ಟು ನೋಡಿದೆವು. ನನ್ನ ಹಟ. ನೋಡಿದರೆ ಅಣ್ಣನಿಗೆ ಅರ್ಥವಾದೀತು ಅಂದುಕೊಂಡಿದ್ದೆ.

ಒಬ್ಬೊಬ್ಬರಾಗಿ ಬಂದರು. ಒಬ್ಬೊಬ್ಬರಾಗಿ ಗೋಡೆ ಸೇರಿದರು. ಒಬ್ಬಳು ಯಾರದೋ ಒಲೆಯೊಳಗೆ. ನಾಲ್ವರು ಸಭಾಂಗಣದ ಕಂಬದಲ್ಲಿ, ಉಪ್ಪಿನಕಾಯಿ ಭರಣಿಯಲ್ಲಿ ತುರುಕಿದ ಹಾಗೆ. ಮಿಸುಕಲಾರರು. ಹಳಬರು ಸುತ್ತ ನೆರೆದರು. ಬಿಡಿಸಲಿಕ್ಕಲ್ಲ. ಸೌದೆ ಕೊಳ್ಳಿ ಹಿಡಿದು ತಿವಿದು ನೋಡಿದರು, ನೋವಿನ ಸದ್ದು ಬರುತ್ತದೆಯೇ ಎಂದು. ಬರುತ್ತದೆ. ಸೌಂಡಿನವನು ಚೆನ್ನಾಗಿ ಮಾಡಿದ್ದಾನೆ.

ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಅಣ್ಣನ ನಗು. ಹೆಡ್‌ಫೋನ್ ಹಾಕಿಕೊಂಡವರು ನಗುವಂತೆ, ಜೋರಾಗಿ, ತನಗೇ ಕೇಳಿಸದೆ.

ಕಾಫಿ ತಣ್ಣಗಾಗುವ ಮೊದಲೇ ಐವತ್ತೂ ಜನ ಹೋದರು. ಒಬ್ಬ ಅಭಿಪ್ರಾಯ ಬರೆದು ಹೋಗಿದ್ದಾನೆ: “ಆಟ ಹೇಗಿದೆಯೋ ಗೊತ್ತಾಗಲಿಲ್ಲ. ಇಟ್ಟಿಗೆ ಚೆನ್ನಾಗಿದೆ.”

ಅಣ್ಣನಿಗೆ ತೋರಿಸಿದೆ. ಓದಿದ. “ನೋಡು, ಇಟ್ಟಿಗೆ ಚೆನ್ನಾಗಿದೆ ಅಂದಿದ್ದಾನೆ,” ಅಂದ.

ಮಾರ್ಚ್ 15

ಏನೂ ಬರೆಯುವ ಹಾಗಿಲ್ಲ. ಬಾಯಲ್ಲಿ ತುಕ್ಕಿನ ರುಚಿ.

ಏಪ್ರಿಲ್ 2

ಅತ್ತಿಗೆ ಆಫೀಸಿಗೆ ಬಂದಿದ್ದರು. ಅಣ್ಣನ ಕೋಣೆಯ ಬಾಗಿಲಲ್ಲಿ ನಿಂತರು. ಅವನು ಕೈಯೆತ್ತಿದ, ತಾಳು ಎಂಬಂತೆ. ತಾಳಿದರು. ಆಮೇಲೆ ನನ್ನ ಹತ್ತಿರ ಬಂದು ಕೂತರು.

“ಮನೇಲಿ ಹಿತ್ತಲ ಬಲ್ಬು ಹೋಗಿ ತಿಂಗಳಾಯ್ತು. ಹೇಳಿ ಹೇಳಿ ಸಾಕಾಯ್ತು. ಅಲ್ಲಿ ಬೀದಿ ತುಂಬ ದೀಪದ ಕಂಬ ನೆಡಿಸ್ತಿದ್ದಾರಂತಲ್ಲ?”

“ನಿಮಗೆ ಯಾರು ಹೇಳಿದ್ದು?”

“ನಿದ್ದೆಗಣ್ಣಲ್ಲಿ ಅವರೇ. ‘ಕಂಬ ಎಡಗಡೆಗೆ ಹಾಕಿ’ ಅಂದರು. ನಾನು ಎಡಗಡೆಗೆ ಮಲಗಿದ್ದೆ.”

ಇಬ್ಬರೂ ನಕ್ಕೆವು. ನಗು ಮುಗಿದ ಮೇಲೆ ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, “ನೀವು ಸ್ವಲ್ಪ ಹೇಳಬಾರದಾ? ನಿಮ್ಮ ಮಾತು ಕೇಳ್ತಾರೆ,” ಅಂದರು. ನನ್ನ ಮಾತು ಕೇಳುತ್ತಾನೆ, ನಿಜ. ಕೇಳುವುದು ಅವನಿಗೆ ಯಾವತ್ತೂ ಕಷ್ಟವಲ್ಲ.

ಏಪ್ರಿಲ್ 11, ಶುಕ್ರವಾರ. ಮಧ್ಯಾಹ್ನ

ಇಷ್ಟು ವರ್ಷ ನಾನು ಈ ಆಟ ಆಡಿಲ್ಲ. ಸರ್ವರ್ ನನ್ನದು, ಒಳಗಿನ ಬದುಕು ಅವರದು. ಅದೊಂದು ಜಂಭ. ಮೂಗು ಮುಚ್ಚಿಕೊಂಡು ದೂರ ನಿಲ್ಲುವುದೂ ಒಂದು ಜಾಗವೇ. ಅಲ್ಲಿ ನಾನೂ ಮನೆ ಕಟ್ಟಿಕೊಂಡಿದ್ದೇನೆ. ನೆರಳಿದೆ, ಗಾಳಿ ಇದೆ, ಯಾರ ತಂಟೆಯೂ ಇಲ್ಲ.

ಇವತ್ತು ಊಟದ ಹೊತ್ತಿನಲ್ಲಿ ಒಳಗೆ ಹೋದೆ. ಹೊಸ ಹೆಸರು, ಹೊಸ ಮುಖ. ನಿರೀಕ್ಷಿಸಿದಂತೆಯೇ ಗೋಡೆ. ಸಭಾಂಗಣದ ಬಲಗೋಡೆ. ಮುಖ ಮತ್ತು ಒಂದು ಕೈ ಆಚೆಗೆ, ಉಳಿದದ್ದು ಇಟ್ಟಿಗೆಯೊಳಗೆ.

ಎಲ್ಲವೂ ಕಾಣಿಸುತ್ತಿತ್ತು.

ಅಣ್ಣ ಬಂದ. ಎದ್ದು ನಿಂತರು ಎಲ್ಲರೂ. ಹೊಸ ತೋಳಿನ ಮೇಲೆ ಮೊಣಕೈ ಊರಿದ. ಇಬ್ಬರ ಬೇಲಿ ಜಗಳ ಬಂತು. ಇಬ್ಬರ ಮಾತನ್ನೂ ಕೇಳಿದ. ನಡುವೆ ಬಾಯಿ ಹಾಕಲಿಲ್ಲ, ಫೋನ್ ನೋಡಲಿಲ್ಲ, ಗಡಿಯಾರ ನೋಡಲಿಲ್ಲ. ಆಮೇಲೆ ಎಷ್ಟು ಮೆತ್ತಗೆ ಹೇಳಿದ... “ಇಬ್ಬರದೂ ಸರಿ ಕಣ್ರಪ್ಪ. ಬೇಲಿ ಒಂದು ಮಾರು ಆಚೆ ಹೋದರೆ ಯಾರಿಗೂ ನಷ್ಟ ಇಲ್ಲ.” ಜಗಳಾಡಿದವರು ಒಪ್ಪಿ ಹೋದರು. ಅತ್ತಿಗೆ ಈ ದನಿಯನ್ನು ಕೇಳಿರಲಾರರು. ನಾನೂ ಕೇಳಿರಲಿಲ್ಲ.

ಹೊರಗೆ ಇವನನ್ನು ಯಾರೂ ಏನೂ ಕೇಳುವುದಿಲ್ಲ. ಅದು ಅರ್ಥವಾಯಿತು. ಅರ್ಥವಾದ ಮೇಲೆ ಅಸಹ್ಯ ತಗ್ಗಬೇಕಿತ್ತು. ಏರಿತು.

ಅಷ್ಟರಲ್ಲಿ ಒಬ್ಬ ನನ್ನ ಕೈ ನೋಡಿದ.

“ದೊರೆ, ಗೋಡೆಯಲ್ಲಿ ಇನ್ನೊಂದು.”

“ಗಂಡೋ ಹೆಣ್ಣೋ?” ಇನ್ನೊಬ್ಬ.

“ಮೂಗು ನೋಡಿದರೆ ತೆರಿಗೆ ಆಫೀಸಿನವರ ಹಾಗಿದೆ.”

ನಕ್ಕರು. ಒಬ್ಬ ತನ್ನ ಲಾಟೀನನ್ನು ತಂದು ನನ್ನ ಕೈಗೆ ನೇತುಹಾಕಿದ. ನಿಂತಿತು. ಸಭೆಗೆ ಬೆಳಕಾಯಿತು. ತೆಗೆಯೋಣವೇ ಎಂದು ಅಣ್ಣನ ಕಡೆ ನೋಡಿದರು.

“ಇರಲಿ ಬಿಡಿ,” ಅಂದ ಅಣ್ಣ, “ಚೆನ್ನಾಗಿ ಕಾಣುತ್ತೆ.”

ಹೊರಗೆ ಬಂದೆ. ಕೈ ತೊಳೆದೆ. ಸೋಪು ಹಾಕಿ ಮತ್ತೆ ತೊಳೆದೆ. ನನಗೇ ನಗು ಬಂತು. ಲಾಟೀನು ಹೊತ್ತಿದ್ದು ಈ ಕೈ ಅಲ್ಲವಲ್ಲ.

ಏಪ್ರಿಲ್ 24, ಗುರುವಾರ

ಬೆಳಿಗ್ಗೆ ಚಿತ್ರಗಾರ್ತಿ ನೇರವಾಗಿ ಅಣ್ಣನಿಗೆ ಹೇಳಿದಳು: ನಾಳೆ ನನ್ನ ಕೊನೆಯ ದಿನ. ಅಣ್ಣನ ಮುಖ ಬಿಳಿಚಿತು. ಅವಳಿಲ್ಲದೆ ಆಟವಿಲ್ಲ ಎನ್ನುವಷ್ಟು ತಿಳಿವಳಿಕೆ ಅವನಿಗಿದೆ.

“ಏನು ಮಾಡಿದರೆ ಉಳೀತೀಯಮ್ಮಾ?”

“ವೈಪ್ ಮಾಡಿ ಸರ್. ಆ ತೀರ ಖಾಲಿಯಾಗಲಿ. ಆಗ ಉಳೀತೀನಿ.”

ಅಣ್ಣ ಕಿಟಕಿಯಾಚೆ ನೋಡಿದ. ಎದುರು ಕಟ್ಟಡದಲ್ಲಿ ಯಾರೋ ಗಾಜು ಒರೆಸುತ್ತಿದ್ದರು. “ಸರಿ. ನಾಳೆ ಮೂರಕ್ಕೆ ಅಳಿಸು ಪುಟ್ಟಿ,” ಅಂದ. ನನಗೆ ನಂಬಿಕೆಯಾಗಲಿಲ್ಲ. ಆದರೂ ಎದೆಯಲ್ಲಿ ಏನೋ ಹಗುರ. ಅವಳು ನನ್ನ ಭುಜ ಹಿಡಿದು ಅಲ್ಲಾಡಿಸಿದಳು.

ಹನ್ನೊಂದಕ್ಕೆ ಅಣ್ಣ ಬಂದ. “ಸಭಾಂಗಣ ಒಂದು ಬಿಟ್ಟು.”

“ಅಣ್ಣಾ, ಹೊಸಬರು ಇಳಿಯುವ ಜಾಗವೇ ಅದು.”

“ಅದೊಂದೇ. ಉಳಿದದ್ದೆಲ್ಲ ಒರೆಸಿಬಿಡು.”

ಹನ್ನೆರಡಕ್ಕೆ, ಸಭಾಂಗಣ ಕಾಯುವವರ ಮನೆ. ಊಟದ ನಂತರ ಸೌಂಡಿನವನು, ದೋಣಿ ಹೇಗೂ ನೀರಿನ ಮೇಲಿದೆ, ನೆಲಕ್ಕೂ ಅದಕ್ಕೂ ಏನು ಸಂಬಂಧ ಅಂದ. ಆಮೇಲೆ ದೋಣಿ ಕಟ್ಟುವ ಕಟ್ಟೆ. ಆಮೇಲೆ ಬೆಟ್ಟ, ಅದಿಲ್ಲದಿದ್ದರೆ ಸಭಾಂಗಣದ ಹಿಂದೆ ಬೋಳಾಗಿ ಕಾಣುತ್ತದೆ. ಆಮೇಲೆ ಬೇಲಿ ಜಗಳದ ಇಬ್ಬರ ಹೊಲ, ಈಗ ತಾನೇ ರಾಜಿಯಾಗಿದ್ದಾರೆ ಪಾಪ.

ಐದು ಗಂಟೆಗೆ ಅಳಿಸಲು ಉಳಿದಿದ್ದು ಎರಡು ಬಾವಿ, ಯಾರೋ ಬಿಟ್ಟುಹೋದ ಒಂದು ಕೋಳಿಗೂಡು.

ಚಿತ್ರಗಾರ್ತಿಗೆ ಹೇಳಿದೆ. ಅವಳು ಸಿಟ್ಟಾಗಲಿಲ್ಲ. ಆಗಿದ್ದರೆ ಒಳ್ಳೆಯದಿತ್ತು.

“ಒಳ್ಳೇದಾಗಲಿ ಅಕ್ಕ. ಕೋಳಿಗಳಾದರೂ ಆರಾಮಾಗಿ ಇಳೀಲಿ.”

ಏಪ್ರಿಲ್ 25, ಶುಕ್ರವಾರ. ಮಧ್ಯಾಹ್ನ ಮೂರು

ಬರೆಯುತ್ತಿರುವುದು ಕೈಗೆ ಏನಾದರೂ ಕೆಲಸ ಬೇಕೆಂದು.

ಹಳೆಯ ದ್ವೀಪದ ಬ್ಯಾಕಪ್‌ಗಳನ್ನು, ಉಳಿಸಿಟ್ಟ ನಕಲುಗಳನ್ನು, ಊಟದ ಹೊತ್ತಿನಲ್ಲಿ ಅಳಿಸಿಹಾಕಿದೆ. ಎಲ್ಲವನ್ನೂ. ಮೂರಕ್ಕೆ ವೈಪ್ ಶುರು ಮಾಡಿದೆ. ಏನನ್ನೂ ಬಿಟ್ಟಿಲ್ಲ. ಬೆಟ್ಟದ ಕಡೆಯಿಂದ ಅಳಿಸುತ್ತ ಬರುತ್ತದೆ, ಕೊನೆಗೆ ತೀರ. ಸ್ವಲ್ಪ ಹೊತ್ತು ಹಿಡಿಯುತ್ತದೆ.

ಪಕ್ಕದ ಕೋಣೆಯಲ್ಲಿ ಅಣ್ಣ ಭಾಷಣ ಮಾಡುತ್ತಿದ್ದಾನೆ. ದ್ವೀಪ ಉಳಿಯಿತೆಂದು ಸಭಾಂಗಣದಲ್ಲಿ ಸಂಭ್ರಮ. ಮುನ್ನೂರೂ ಜನ ಬಂದಿದ್ದಾರಂತೆ. ಮುಂದಿನ ವರ್ಷದ ಮಾತಾಡುತ್ತಿದ್ದಾನೆ, ಹೊಸ ರಸ್ತೆ, ಸೇತುವೆ.

ಚಿತ್ರಗಾರ್ತಿ ಮೇಜು ಖಾಲಿ ಮಾಡುತ್ತಿದ್ದಾಳೆ. ಅವಳಿಗೆ ಹೇಳಿಲ್ಲ.

“ಸ್ವಲ್ಪ ನಿಲ್ಲು,” ಅಂದೆ.

“ಯಾಕಕ್ಕ?”

“ಸುಮ್ಮನೆ. ಕೂತ್ಕೋ.”

ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಳೆ. ಬಸ್ಸಿಗೆ ಕಾಯುವವರ ಹಾಗೆ.

ಬೆಟ್ಟ ಹೋಯಿತು. ಕಾಡು ಹೋಯಿತು. ಹೊಲಗಳು.

ಯಾರೋ ಸಭಾಂಗಣದ ಕಿಟಕಿಯಲ್ಲಿ ನೋಡಿರಬೇಕು. ಅಣ್ಣನ ಭಾಷಣ ನಿಂತಿತು. ಮತ್ತೆ ದನಿ, ಗೋಡೆಯಾಚೆಯಿಂದ ಸ್ಪಷ್ಟವಾಗಿ:

“ಯಾರೂ ಗಾಬರಿಯಾಗಬೇಡಿ. ನನ್ನ ತಂಗಿ ಏನೋ ರಿಪೇರಿ ಮಾಡ್ತಿದ್ದಾಳೆ. ಅವಳು ಕೈ ಹಾಕಿದ್ದು ಯಾವತ್ತೂ ಕೆಟ್ಟಿಲ್ಲ.”

ಇದನ್ನು ನನ್ನೆದುರು ಒಂದು ದಿನವೂ ಹೇಳಿದವನಲ್ಲ. ಇನ್ನೂ ನಿಲ್ಲಿಸಬಹುದು. ತೀರ ಉಳಿದಿದೆ, ಸಭಾಂಗಣ ಉಳಿದಿದೆ, ಅದರೊಳಗೆ ಅವನು.

ಅಸಹ್ಯ ಇದ್ದಷ್ಟು ದಿನ ಕಾಲಿಗೆ ನೆಲವಿತ್ತು. ಇವತ್ತು ಬೆಳಿಗ್ಗೆಯೂ ಇತ್ತು. ಈಗ ಹುಡುಕುತ್ತಿದ್ದೇನೆ, ಸಿಗುತ್ತಿಲ್ಲ. ಇಲ್ಲದೆಯೂ ಮಾಡಬೇಕು.

“ಪುಟ್ಟಿ...” ಹೆಡ್‌ಫೋನ್ ತೆಗೆದು ಕರೆದ ದನಿ. “ಪುಟ್ಟೀ, ಏನಿದು?”

ಚಿತ್ರಗಾರ್ತಿ ನನ್ನ ಮುಖ ನೋಡಿದಳು, ಆಮೇಲೆ ಸ್ಕ್ರೀನ್. ಚೀಲ ನೆಲಕ್ಕಿಟ್ಟಳು.

ಕುರ್ಚಿ ಸರಿದ ಸದ್ದು. ನಿಲ್ಲಿಸುವುದಿಲ್ಲ. ಸಭಾಂಗಣದ ಬಲಗೋಡೆ ಹೋಯಿತು, ಕಂಬಗಳು ಹೋದವು, ಅಣ್ಣ ಬಾಗಿಲ —