ಬೇವು ಕಟ್ಟಿದ ಮನೆಯ ಅಪೀಲು

ಚೌಳಹಿರಿಯೂರು
18-6-1978

ಪ್ರೀತಿಯ ಕಲ್ಲೇಶಣ್ಣನಿಗೆ ತಂಗಿ ಮೀನಾಕ್ಷಿ ಮಾಡುವ ನಮಸ್ಕಾರಗಳು.

ಕೆಟ್ಟ ಕನಸು ಬಿತ್ತಣ್ಣ. ಕೋರ್ಟಿನ ಜವಾನ ನಮ್ಮ ಯಜಮಾನರ ಹೆಸರು ಕೂಗುತ್ತಿದ್ದಾನೆ, ನಾನು ಬಾಗಿಲಲ್ಲೇ ಇದ್ದೇನೆ, ಬಂದೆವು ಅನ್ನಲು ಬಾಯಿ ಏಳುತ್ತಿಲ್ಲ. ನಿನ್ನ ಕಾಗದಕ್ಕೆ ಉತ್ತರ ತಡವಾಯಿತು, ಬೈಯಬೇಡ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು, ಬರೆಯುವುದು ನಿಧಾನ.

26ನೇ ತಾರೀಖು ಸೋಮವಾರದ ವಿಚಾರಣೆಗೆ ತಪ್ಪದೆ ಹೋಗು. ನಮ್ಮ ಅಪೀಲು ವಾಯಿದೆ ಮೀರಿ ಹೋಗಿದೆ. ತಡಕ್ಕೆ ಸರಿಯಾದ ಕಾರಣ ತೋರಿಸಿದರೆ ಮಾತ್ರ ಸಾಹೇಬರು ತೆಗೆದುಕೊಳ್ಳುತ್ತಾರಂತೆ. ಇಲ್ಲದಿದ್ದರೆ ಕೆಳಗಿನ ಕೋರ್ಟಿನ ತೀರ್ಪೇ ಗಟ್ಟಿ, ತೆಂಗಿನ ತೋಟ ದಾಯಾದಿ ಈರಭದ್ರಪ್ಪನ ಪಾಲು.

ಹೋದ ವಾರ ತರೀಕೆರೆ ವಕೀಲರ ಹತ್ತಿರ ಹೋಗಿದ್ದೆವು. "ಮಗೂಗೆ ಹುಷಾರಿರ್ಲಿಲ್ಲ ಅಂತೀಯ, ಡಾಕ್ಟ್ರ ಚೀಟಿ ಎಲ್ಲಪ್ಪ?" ಎಂದರು.

"ಅಮ್ಮ ಬಂದ ಮನೆಗೆ ಡಾಕ್ಟ್ರನ್ನ ಯಾರು ಕರೀತಾರೆ ಸ್ವಾಮಿ? ಬಾಗ್ಲಿಗೆ ಬೇವಿನ ಸೊಪ್ಪು ಕಟ್ಟಿದ್ಮೇಲೆ ನಾವು ಊರು ದಾಟಂಗಿಲ್ಲ" ಎಂದರು ಇವರು.

ಎದುರು ವಕೀಲರ ಗುಮಾಸ್ತ ಅಲ್ಲೇ ಜಗಲಿಯಲ್ಲಿ ಬೀಡಿ ಸೇದುತ್ತಿದ್ದ. "ಏನಣ್ಣ, ಸಾಕ್ಷಿಗೆ ಅಮ್ಮಂಗೇ ಸಮನ್ಸ್ ಕಳಿಸಾನ?" ಎಂದು ನಕ್ಕ. ಇವರು ತಲೆ ಬಗ್ಗಿಸಿಕೊಂಡರು.

ವಕೀಲರು ದನಿ ತಗ್ಗಿಸಿ, "ನಿಂಗೇ ಕಾಮಾಲೆ ಆಗಿತ್ತು ಅಂತ ಒಂದು ಚೀಟಿ ಮಾಡ್ಸಿದ್ರೆ ಸಲೀಸಾಗುತ್ತೆ" ಎಂದರು. "ಅದೊಂದು ಬ್ಯಾಡಿ" ಎಂದು ಇವರು ಎದ್ದೇಬಿಟ್ಟರು. ಕೊನೆಗೆ ವಕೀಲರೇ ಬಾಗಿಲವರೆಗೆ ಬಂದು, ಬೇವು ಕಟ್ಟಿದ್ದನ್ನು ಕಂಡವರು ಯಾರಾದರೂ ಪ್ರಮಾಣ ಮಾಡಿ ಬರೆದುಕೊಡಲಿ, ನೋಡೋಣ ಎಂದರು. ನೀನು ಅವತ್ತು ಬಂದು ಬಾಗಿಲಿಂದಲೇ ತಿರುಗಿ ಹೋದೆಯಲ್ಲ, ಅಷ್ಟನ್ನು ಹೇಳು ಸಾಕು. ಸಾಹೇಬರು ನಂಬುತ್ತಾರೋ ಇಲ್ಲವೋ, ನನಗಂತೂ ಊಟ ಸೇರುತ್ತಿಲ್ಲ.

ಬಸ್ಸಿನಲ್ಲಿ ಬರುವಾಗ ಕೇಳಿದೆ: "ನಿಜ ಹೇಳಿ ತೋಟ ಕಳ್ಕಂಡ್ರೆ ಏನ್ರೀ ಮಾಡಾದು?"

"ಸುಳ್ಳು ಹೇಳಿ ಉಳಿಸ್ಕಂಡ್ರೆ ಅಲ್ಲಿ ಕಾಲಿಡಾಕಾಗುತ್ತೇನೇ?" ಎಂದರು.

ಅತ್ತಿಗೆಗೆ ನಮಸ್ಕಾರ. ನಿನ್ನ ಮಕ್ಕಳನ್ನು ದೇವರು ತಣ್ಣಗಿಟ್ಟಿರಲಿ.

ಇಂತಿ ನಿನ್ನ ತಂಗಿ
ಮೀನಾಕ್ಷಿ

ತಾ.ಕ.: ನಮ್ಮ ಮಗು ಗಂಗೆ ಉಳಿಯಲಿಲ್ಲ ಅಂತ ವಕೀಲರಿಗೆ ನಾವು ಹೇಳಿಲ್ಲ. ಹೇಳಿದರೆ ಎಲ್ಲಿ ಮಣ್ಣು ಮಾಡಿದಿರಿ ಅಂತ ಕೇಳುತ್ತಾರೆ. ಮಸಣದಲ್ಲಿ ಅಂತ ನಿನಗೂ ಹೇಳಿದ್ದೆ. ಅದು ಸುಳ್ಳಣ್ಣ. ತೋಟದಲ್ಲಿ, ಬಾವಿಯ ಹಿಂದಿನ ಬಡಗಣ ಮೂಲೆಯಲ್ಲಿ. ಅವಳನ್ನು ದೂರ ಬಿಟ್ಟುಬರಲು ನನ್ನ ಕೈಲಿ ಆಗಲಿಲ್ಲ. ತೋಟ ಕೈಗೆ ಸಿಕ್ಕಿದರೆ ಈರಭದ್ರಪ್ಪ ಅಲ್ಲಿ ನೇಗಿಲು ಹೂಡುತ್ತಾನೆ. ತೀರ್ಪಿನಲ್ಲಿ ಬರೆದಿರುವ ಚೆಕ್ಕುಬಂದಿಯೊಳಗೆ ಆ ಮೂಲೆ ಸೇರಿದೆಯೋ ಇಲ್ಲವೋ, ಇನ್ನೊಂದು ಸಲ ಓದಿಸಿ ನೋಡು.